ಗೂಡು ನೋಡುವ ಕೈಗೆ ಸಿಕ್ಕ ಗಿಟಾರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಅಗ್ಗದ ಬೇಸ್ ಗಿಟಾರಿಗೆ ಬೆಲೆ ಕಟ್ಟಬಲ್ಲವರು ಒಬ್ಬರೇ ಒಬ್ಬರಿದ್ದರು, ಅವರು ನನ್ನ ಸೋದರಮಾವ ಎಂದು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಅವರಿಗೆ ಗಿಟಾರು ನುಡಿಸಲು ಬರುತ್ತಿತ್ತೇ ಎಂದು ಮಾತ್ರ ಕೇಳಬಾರದು. ಹೋರಿಯ ಹಲ್ಲು ನೋಡಿ ವಯಸ್ಸು ಹೇಳುವವನು ತಾನೂ ಹುಲ್ಲು ತಿನ್ನಬೇಕೆಂದು ಎಲ್ಲಾದರೂ ಉಂಟೇ?

ಮಾವ ಕೈಲಾಂಚದ ಆಚೆಗಿನ ಹಳ್ಳಿಯೊಂದರಲ್ಲಿ ರೇಷ್ಮೆ ಬೆಳೆಯುತ್ತಿದ್ದರು. ಅದು ರೇಷ್ಮೆಯ ಸುಗ್ಗಿಯ ಕಾಲ. ಗೂಡಿಗೆ ಒಳ್ಳೆಯ ಬೆಲೆ ಬಂದು, ರಾಗಿ ಹೊಲಗಳೆಲ್ಲ ನೋಡನೋಡುತ್ತಿದ್ದಂತೆ ಹಿಪ್ಪುನೇರಳೆ ತೋಟಗಳಾಗಿದ್ದವು. ಮಾರುಕಟ್ಟೆಗೆ ಗೂಡು ಹಾಕಲು ಹೋದವರು ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ. ಒಬ್ಬರು ಮೋಟಾರ್ ಸೈಕಲ್ ಕೊಂಡರು, ಓಡಿಸಲು ಬಾರದೆ ಊರ ತನಕ ತಳ್ಳಿಕೊಂಡೇ ಬಂದರು. ಇನ್ನೊಬ್ಬರು ಕರೆಂಟೇ ಇಲ್ಲದ ಮನೆಗೆ ಟಿ.ವಿ. ತಂದು, ಅದಕ್ಕೆ ಹೂವಿನ ಹಾರ ಹಾಕಿ ಕೂರಿಸಿದರು. ಹಾಗಿರುವಾಗ ನಮ್ಮ ಮಾವ ಬೇಸ್ ಗಿಟಾರು ಬೇಕೆಂದರೆ ಅದರಲ್ಲೇನು ಹೆಚ್ಚಾಯಿತು? ಆದರೂ ಊರು ನಕ್ಕಿತು. ಏಕೆಂದರೆ ಅದನ್ನು ಕೇಳಬೇಕಾಗಿದ್ದವರು ನಮ್ಮ ಅತ್ತೆ, ಮತ್ತು ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ.

ಹುಟ್ಟಿನಿಂದ ಹಾಗಲ್ಲ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಒಂದು ಕೆಟ್ಟ ಜ್ವರ ಬಂತು, ಹೋಗುವಾಗ ಎರಡೂ ಕಿವಿಗಳನ್ನು ಜೊತೆಗೆ ಒಯ್ದಿತು. ಬೆಂಗಳೂರಿನ ಡಾಕ್ಟರು ಕೊಟ್ಟ ಮಿಷನ್ನು ಕುಯ್ಯೋ ಎನ್ನುವುದು ಬಿಟ್ಟರೆ ಇನ್ನೇನೂ ಮಾಡಲಿಲ್ಲವೆಂದು ಅತ್ತೆ ಅದನ್ನು ಅರಿಶಿನದ ಡಬ್ಬಿಯ ಪಕ್ಕ ಇಟ್ಟುಬಿಟ್ಟಿದ್ದರು. ತಮ್ಮ ದನಿ ತಮಗೇ ಕೇಳದ ಕಾರಣ ಅವರು ಮಾತಾಡಿದರೆ ಕೂಗಿದ ಹಾಗಿರುತ್ತಿತ್ತು. ಅತ್ತೆ ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದರೆ ಬಸ್ ಸ್ಟಾಪಿನಲ್ಲಿ ಕುಳಿತವರು ಹೌದೌದು ಎಂದು ತಲೆಯಾಡಿಸುತ್ತಿದ್ದರು!

ಹಾಡು ಕೇಳಿಸುವುದಿಲ್ಲ, ಜನರ ಮಾತು ಕೇಳಿಸುವುದಿಲ್ಲ ಎಂದು ಅತ್ತೆ ಕೊರಗಿದ್ದನ್ನು ನಾನು ಕಂಡಿಲ್ಲ. ಜನರ ಮಾತು ತಪ್ಪಿದ್ದು ಪುಣ್ಯವೆಂದೇ ಹೇಳುತ್ತಿದ್ದರು. ಅವರು ಕೊರಗುತ್ತಿದ್ದುದು ಒಂದೇ ಸದ್ದಿಗೆ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹಸಿವೋ ಹಸಿವು. ಮನೆ ತುಂಬ ತಟ್ಟೆಗಳಲ್ಲಿ ಅಷ್ಟೂ ಹುಳುಗಳು ಒಟ್ಟಿಗೆ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಒಂದು ಸದ್ದು ಹೊರಡುತ್ತದೆ. ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನಾನು ಆ ಸದ್ದಿನಲ್ಲೇ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದೆ. ಎಚ್ಚರವೋ ನಿದ್ದೆಯೋ ತಿಳಿಯದೆ, ಮನೆಯೇ ಮೆಲ್ಲಗೆ ಎಲ್ಲಿಗೋ ತೇಲಿಹೋಗುತ್ತಿದೆ ಅನ್ನಿಸುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ತವರಿನ ನೆನಪು ಕಾಡಿದಾಗ ತಾವು ಆ ಸದ್ದು ಕೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದುದಾಗಿ ಅತ್ತೆ ಹೇಳಿದ್ದುಂಟು. ಜ್ವರದಿಂದ ಎದ್ದ ಹುಳು ದೊಡ್ಡದಾಗುತ್ತದೆ, ತಾನು ಎದ್ದು ಕಿವುಡಿಯಾದೆ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಮಾವ ಮಾತ್ರ ನಗುತ್ತಿರಲಿಲ್ಲ.

ಹೀಗಿರುವಾಗ ರಾಮನಗರದಲ್ಲಿ ಒಂದು ಮದುವೆ. ಮಾವನ ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬರ ಮಗನದು. ಸುಗ್ಗಿಯ ಕಾಲವಲ್ಲವೇ, ವಾಲಗದ ಜೊತೆಗೆ ಆರ್ಕೆಸ್ಟ್ರಾ ಕೂಡ ಇತ್ತು. ನಮಗೆ ಜಾಗ ಸಿಕ್ಕಿದ್ದು ಆಳೆತ್ತರದ ಸ್ಪೀಕರ್ ಪೆಟ್ಟಿಗೆಯ ಪಕ್ಕದಲ್ಲಿ. ನಾವೆಲ್ಲ ಕಿವಿ ಮುಚ್ಚಿಕೊಂಡಿದ್ದೆವು. ಅತ್ತೆಯೊಬ್ಬರೇ ಹಾಯಾಗಿ ಲಾಡು ತಿನ್ನುತ್ತಿದ್ದವರು ಇದ್ದಕ್ಕಿದ್ದಂತೆ ಎದೆಯ ಮೇಲೆ ಅಂಗೈ ಇಟ್ಟುಕೊಂಡರು.

"ಇಲ್ಲೇನೋ ಅದುರ್ತಾ ಐತೆ ಕಣ್ರೀ," ಎಂದರು, ಇಡೀ ಛತ್ರಕ್ಕೆ ಕೇಳಿಸುವ ಹಾಗೆ.

ಹೃದಯಕ್ಕೇನೋ ಆಯಿತೆಂದು ಜನ ನೀರು ಹಿಡಿದು ಓಡಿಬಂದರು. ಮಾವ ಅಲ್ಲಾಡಲಿಲ್ಲ. ಒಂದು ಕಣ್ಣು ಅತ್ತೆಯ ಅಂಗೈ ಮೇಲೆ, ಇನ್ನೊಂದು ವೇದಿಕೆಯ ಮೇಲೆ. ಹಾಡುವವಳು ನಿಲ್ಲಿಸಿದಳು, ಅತ್ತೆಯ ಅಂಗೈ ಎದೆಯ ಮೇಲೇ ಇತ್ತು. ಕೀಬೋರ್ಡಿನವನು ಬೆವರೊರೆಸಿಕೊಂಡ, ಆಗಲೂ ಇತ್ತು. ಹಿಂದೆ ಮೂಲೆಯಲ್ಲಿ ಯಾರಿಗೂ ಬೇಡವಾದವನಂತೆ ನಿಂತಿದ್ದ ಒಬ್ಬ ಬಡಕಲು ಮನುಷ್ಯ ತನ್ನ ಗಿಟಾರು ಕೆಳಗಿಟ್ಟ, ಅತ್ತೆಯ ಕೈ ಜಾರಿತು. ಮಾವ ಊಟದ ಪಂಕ್ತಿಯನ್ನೂ ಬಿಟ್ಟು ವೇದಿಕೆ ಹತ್ತಿಬಿಟ್ಟರು.

ಅದು ಬೇಸ್ ಗಿಟಾರು, ದಪ್ಪ ಸದ್ದಿನದು, ನಾಲ್ಕೇ ತಂತಿ, ಮಾಮೂಲಿ ಆರು ತಂತಿಯದಕ್ಕಿಂತ ಬೆಲೆ ಹೆಚ್ಚು ಎಂದು ಆ ಬಡಕಲು ಮನುಷ್ಯ ವಿವರಿಸಿದ. ಮಾವನಿಗೆ ಈ ಲೆಕ್ಕ ಹಿಡಿಸಲಿಲ್ಲ. ಎರಡು ತಂತಿ ಕಡಿಮೆ ಕೊಟ್ಟು ಬೆಲೆ ಏರಿಸುವುದು ಯಾವ ಊರಿನ ನ್ಯಾಯ? ಹಾಗಾದರೆ ತಂತಿಯೇ ಇಲ್ಲದ ಗಿಟಾರಿಗೆ ತೋಟ ಮಾರಬೇಕೇನು ಎಂದು ಕೇಳಿದರು. ಅವನು ಗಿಟಾರು ಎತ್ತಿಕೊಂಡು ತನ್ನ ಮೂಲೆಗೆ ಸರಿದ. ಗಿಟಾರಿನ ವಿಷಯ ನನಗೂ ತಿಳಿದಿರಲಿಲ್ಲ. ಆದರೂ ರಾಮನಗರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ, ಇಂಗ್ಲಿಷ್ ಬಲ್ಲ ಸೋದರಸೊಸೆ ಎಂಬ ಒಂದೇ ಕಾರಣಕ್ಕೆ ಅಂದಿನಿಂದ ನಾನು ಮಾವನ ಗಿಟಾರು ಮಂತ್ರಿಯಾದೆ.

ಬೆಂಗಳೂರಿನ ಮೊದಲ ಅಂಗಡಿಯನ್ನು ನೆನೆದರೆ ಇಂದಿಗೂ ನನಗೆ ನಾಚಿಕೆ. ಗೂಡಿನ ಮಾರುಕಟ್ಟೆಯಲ್ಲಿ ಬಲ್ಲವರು ಗೂಡನ್ನು ಹೆಬ್ಬೆರಳಲ್ಲಿ ಒತ್ತುತ್ತಾರೆ, ಮೂಸುತ್ತಾರೆ, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಟಿಕ್ ಟಿಕ್ ಎಂದು ಆಡಿದರೆ ಗೂಡು ಚೆನ್ನಾಗಿದೆ ಎಂದರ್ಥ. ಆಡದಿದ್ದರೆ ಹುಳು ಒಳಗೇ ಕೊಳೆತು ಅಂಟಿಕೊಂಡಿದೆ. ಮಾವನಿಗೆ ಬರುತ್ತಿದ್ದ ಪರೀಕ್ಷೆ ಇದೊಂದೇ. ಟೈ ಕಟ್ಟಿದ ಮಾಲೀಕನ ಕಣ್ಣೆದುರಿಗೇ ಹೊಳೆಯುವ ಗಿಟಾರೊಂದನ್ನು ಎತ್ತಿ, ಒತ್ತಿ, ಮೂಸಿ, ಹೊಟ್ಟೆಯ ಭಾಗವನ್ನು ಕಿವಿಗಿಟ್ಟುಕೊಂಡು ಜೋರಾಗಿ ಅಲ್ಲಾಡಿಸಿದರು. ಸದ್ದಿಲ್ಲ.

"ಇದು ಸತ್ತೋಗೈತೆ ಕಣವ್ವ," ಎಂದು ನನಗೆ ಹೇಳಿ ಕೆಳಗಿಟ್ಟರು.

ಮುಂದಿನದೂ ಸತ್ತಿತ್ತು. ಅದರ ಮುಂದಿನದೂ. ಒಳಗೆ ಏನೂ ಸಡಿಲವಾಗಿಲ್ಲ ಎಂಬ ಒಂದೇ ತಪ್ಪಿಗೆ ಆ ಅಂಗಡಿಯ ಅಷ್ಟೂ ಗಿಟಾರುಗಳು ಫೇಲಾದವು! ಕೊನೆಗೆ ಒಂದಕ್ಕೆ ಮನಸ್ಸು ಮಾಡಿ, ದನದ ಸಂತೆಯ ವಾಡಿಕೆಯಂತೆ ಮಾಲೀಕನ ಕೈ ಮೇಲೆ ಟವಲು ಹಾಕಿ, ಅದರ ಮರೆಯಲ್ಲಿ ಅವನ ಬೆರಳು ಹಿಡಿದು ವ್ಯಾಪಾರಕ್ಕೆ ಶುರುಮಾಡಿದರು. ಆ ಪಾಪದವನು ಕೈ ಬಿಡಿಸಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ನಿಂತ. ನಾನು ಇಂಗ್ಲಿಷಿನಲ್ಲಿ ಏನೋ ಸಮಜಾಯಿಷಿ ಹೇಳಲು ಹೋದೆ, ಅದು ನನಗೂ ಅರ್ಥವಾಗಲಿಲ್ಲ.

ಆದರೆ ಮಾವನನ್ನು ಬರೀ ಹುಚ್ಚರೆಂದುಕೊಳ್ಳಬೇಡಿ. ಒಂದೆರಡು ವರ್ಷಗಳ ಅಲೆದಾಟದಲ್ಲಿ ಅವರ ಪರೀಕ್ಷೆಗಳು ಹದಕ್ಕೆ ಬಂದವು. ನೇಗಿಲಿನ ಉದ್ದನೆಯ ಈಸುಮರ ನೋಡುವಂತೆ ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಜೇಬಿನಲ್ಲಿ ಸದಾ ಒಂದಿಷ್ಟು ಕಚ್ಚಾ ರೇಷ್ಮೆ ಇರುತ್ತಿತ್ತು. ಕತ್ತಿನ ಮೇಲಿನ ಲೋಹದ ಪಟ್ಟಿಗಳ ಅಂಚಿನುದ್ದಕ್ಕೂ ಅದನ್ನು ಎಳೆಯುವುದು, ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅದು ಬೆರಳು ಕೊಯ್ಯುವ ಗಿಟಾರು, ಬೇಡ. ತಂತಿ ಬಿಗಿದು ಹೊರಗೆ ಹೋಗಿ ಒಂದು ಟೀ ಕುಡಿದು ಬರುವುದು, ಅಷ್ಟರೊಳಗೆ ಸಡಿಲಾದರೆ ತಂತಿ ಬಿಗಿಯುವ ಬಿರಟೆ ಜಳ್ಳು, ಬೇಡ. ಬಣ್ಣಕ್ಕೆ ದುಡ್ಡು ಕೊಡಬಾರದು, ಬಾಳಿಕೆಗೆ ಕೊಡಬೇಕು ಎನ್ನುವುದು ಅವರ ವೇದಾಂತ. ಸುದ್ದಿ ಹಬ್ಬಿತು. ಕನಕಪುರ, ಮಾಗಡಿಯ ಕಡೆಯ ಆರ್ಕೆಸ್ಟ್ರಾ ಹುಡುಗರು ಅಗ್ಗದ ಗಿಟಾರು ಕೊಳ್ಳುವ ಮುಂಚೆ ಮಾವನನ್ನು ಕರೆದೊಯ್ಯತೊಡಗಿದರು. ಅವರು ಆರಿಸಿಕೊಟ್ಟ ಗಿಟಾರುಗಳು ಇಂದಿಗೂ ಎಲ್ಲೋ ಯಾರದೋ ಮದುವೆಯಲ್ಲಿ ನುಡಿಯುತ್ತಿರಬಹುದು.

ಮನೆಗೆ ಮಾತ್ರ ಯಾವುದೂ ಬರಲಿಲ್ಲ. ಅದರ ಬದಲು ದಪ್ಪ ಸದ್ದು ಎಲ್ಲಿದೆ ಎಂದು ಕಂಡಕಂಡಲ್ಲಿ ಹುಡುಕುವ ಚಟ ಅವರಿಗೆ ಹತ್ತಿತು. ಬಸ್ಸಿನ ಕಂಬಿಗೆ ಹಣೆ ಹಚ್ಚಿ ಅದರ ಗುಂಯ್‌ಗಾನದಲ್ಲಿ ಮೈಮರೆತು, ಕೆಂಗಲ್‌ನಲ್ಲಿ ಇಳಿಯಬೇಕಾದವರು ಮದ್ದೂರು ತಲುಪಿದ್ದರು. ಒಂದು ದಿನ ಅತ್ತೆಯನ್ನು ಹಿಟ್ಟಿನ ಮಿಲ್ಲಿಗೆ ಕರೆದೊಯ್ದು ಗೋಡೆಗೆ ಅಂಗೈ ಹಚ್ಚಿ ನಿಲ್ಲಿಸಿದರು. ರಾಗಿ ಬೀಸಿಸಲು ಬಂದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಅತ್ತೆ ಕಣ್ಣು ಮುಚ್ಚಿ, ತುಂಬ ಹೊತ್ತು ನಿಂತು, ತೀರ್ಪು ಕೊಟ್ಟರು.

"ಇದು ಬರೀ ಗುದ್ದತೈತೆ. ತಿನ್ನಾಕಿಲ್ಲ."

ಆಮೇಲೊಮ್ಮೆ ಮಾಗಡಿಯಿಂದ ಬರುವಾಗ ನಾನು ಕೇಳಿಯೇಬಿಟ್ಟೆ. ಬಸ್ಸಿನ ಕಿಟಕಿಯಲ್ಲಿ ಸಾವನದುರ್ಗ ಸಂಜೆಯ ಮಬ್ಬಿನಲ್ಲಿ ನಮ್ಮ ಜೊತೆಗೇ ನಿಧಾನವಾಗಿ ಬರುತ್ತಿತ್ತು. ಅಷ್ಟು ಜನಕ್ಕೆ ಆರಿಸಿಕೊಟ್ಟವರಿಗೆ ನಿಮಗೊಂದು ಸಿಗಲಿಲ್ಲವೇ ಎಂದೆ. ಮಾವ ಜೇಬಿನ ರೇಷ್ಮೆ ಎಳೆಯನ್ನು ತೆಗೆದು ಬೆರಳಿಗೆ ಸುತ್ತಿಕೊಂಡರು.

"ಅವೆಲ್ಲ ಹಾಡಾಕೆ ಚೆಂದಾಗವೆ ಕಣವ್ವ," ಎಂದರು. "ನಿಮ್ಮತ್ತೆಗೆ ಹಾಡು ಬ್ಯಾಡ. ಹುಳ ತಿನ್ನೋ ಸದ್ದು ಬೇಕು. ಅಂತಾದೊಂದು ಇದ್ದೇ ಇರ್ತದೆ ಬುಡು."

ನಾನು ಮುಖ ಆಚೆ ತಿರುಗಿಸಿಕೊಂಡೆ. ಗಿಟಾರು ಸೊಪ್ಪು ತಿನ್ನುವುದುಂಟೇ?

ಕೊನೆಗೆ ಗಿಟಾರು ಸಿಕ್ಕಿದ್ದು ಚನ್ನಪಟ್ಟಣದಲ್ಲಿ, ಗೊಂಬೆ ಮಾಡುವವರೊಬ್ಬರ ಅಟ್ಟದ ಮೇಲೆ. ಅವರ ತಮ್ಮನ ಆರ್ಕೆಸ್ಟ್ರಾ ಮುರಿದುಬಿದ್ದು ಎಷ್ಟೋ ಕಾಲವಾಗಿತ್ತು. ಗೊಂಬೆಗಳಿಗೆ ಬಳಿದು ಮಿಕ್ಕ ಕೆಂಪು, ಹಳದಿ, ಹಸಿರನ್ನೆಲ್ಲ ಯಾರೋ ಆ ಗಿಟಾರಿಗೆ ಬಳಿದಿದ್ದರು. ನೋಡಿದರೆ ಗಾಲಿ ಹಚ್ಚಿ ಎಳೆದುಕೊಂಡು ಹೋಗಬೇಕು ಅನ್ನಿಸುತ್ತಿತ್ತು. ಮಾವ ಒಂದು ಕಣ್ಣು ಮುಚ್ಚಿದರು, ಕತ್ತು ಸೊಟ್ಟ. ರೇಷ್ಮೆ ಎಳೆದರು, ಪಟ್ಟಿಪಟ್ಟಿಗೂ ಸಿಕ್ಕಿತು. ಟೀ ಬರುವ ಮುಂಚೆಯೇ ತಂತಿ ಸಡಿಲಾಯಿತು. ಸದ್ಯ, ಬೇಗ ಮನೆಗೆ ಹೋಗಬಹುದೆಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಆಗ ಹಳೆಯ ಅಭ್ಯಾಸಬಲದಿಂದ ಮಾವ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

ಟಿಕ್ ಟಿಕ್ ಎಂದಿತು.

ಒಳಗೆ ಯಾವುದೋ ಸ್ಕ್ರೂ ಕಳಚಿಬಿದ್ದಿದೆ ಎಂದು ನಾನು ಹೇಳಿದೆ. ಗೊಂಬೆಯವರು ಒಳ್ಳೆಯ ಮನುಷ್ಯ, ಹಿಂದಿನ ಮುಚ್ಚಳ ಬಿಚ್ಚಿ ಸರಿಮಾಡಿಕೊಡುತ್ತೇನೆಂದು ಸ್ಕ್ರೂಡ್ರೈವರ್ ತಂದರು. ಮಾವ ಗಿಟಾರನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ತಗೀಬ್ಯಾಡಿ ಸ್ವಾಮಿ. ಅದೇ ಇದರ ಜೀವ."

ಊರಿನಲ್ಲಿ ಆದ ಅವಮಾನವನ್ನು ಏನೆಂದು ಹೇಳಲಿ! ನಾಲ್ಕು ತಾಲ್ಲೂಕಿಗೆ ಬುದ್ಧಿ ಹೇಳಿದವರು ತಮಗೆ ಮಾತ್ರ ಜಳ್ಳು ತಂದರೆಂದು ಮೋಟಾರ್ ಸೈಕಲ್ ತಳ್ಳಿದವರೂ ನಕ್ಕರು, ಟಿ.ವಿ.ಗೆ ಹಾರ ಹಾಕಿದವರೂ ನಕ್ಕರು. ಮಾವ ಗಿಟಾರನ್ನು ಜಗಲಿಯ ಹಲಗೆ ಮಂಚದ ಮೇಲೆ ಮಲಗಿಸಿದರು. ಒಳಗೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು, ಮನೆ ತುಂಬ ಆ ಸೋನೆಯ ಸದ್ದು. ಅತ್ತೆ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದರು. ಇದ್ಯಾವ ಗೊಂಬೆ ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿ ಒಳಗೆ ಹೋದವರು, ಹುಳುಗಳಿಗೆ ಸೊಪ್ಪು ಹಾಕಿ ಮುಗಿಸುವವರೆಗೂ ಹೊರಗೆ ಬರಲಿಲ್ಲ. ಮಾವ ಕಾದರು.

ಅತ್ತೆ ಬಂದು ಮಂಚದ ಮೇಲೆ ಕುಳಿತರು. ಮಾವ ಅವರ ಅಂಗೈಯನ್ನು ಹಲಗೆಯ ಮೇಲಿಡಿಸಿ ದಪ್ಪ ತಂತಿಯನ್ನು ಮೀಟಿದರು. ಸಡಿಲ ತಂತಿ ದೊಪ್ಪೆಂದಿತು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಮಾವ ಬಿರಟೆ ತಿರುಗಿಸಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಅಲೆದಿದ್ದೆಲ್ಲ ಈ ಸೊಟ್ಟ ಗಿಟಾರಿಗಾಗಿಯೇ, ಇದೂ ಸತ್ತಿದ್ದರೆ ಇವರು ಏನು ಮಾಡುತ್ತಾರೆ ಎಂದು ಹೆದರಿಕೆಯಾಯಿತು.

ಮಾವ ಮತ್ತೆ ಮೀಟಿದರು. ಈ ಸಲ ತಂತಿ ತುಂಬಿಕೊಂಡು ನುಡಿಯಿತು. ಹೊಟ್ಟೆಯೊಳಗಿನ ಸ್ಕ್ರೂ ಎದ್ದು ಚರಚರಚರ ಎಂದು ಅದುರತೊಡಗಿತು. ನನ್ನ ಕಿವಿಗೆ ಅದು ಬಲು ಕೆಟ್ಟ ಸದ್ದು, ಯಾವ ಆರ್ಕೆಸ್ಟ್ರಾದವನೂ ಒಂದು ಗಳಿಗೆ ಸಹಿಸುತ್ತಿರಲಿಲ್ಲ. ಅದು ಹಲಗೆಗೆ ಇಳಿದು ಅತ್ತೆಯ ಅಂಗೈ ಸೇರಿತು.

ಅತ್ತೆ ಮೊದಲು ತಮ್ಮ ಕೈ ನೋಡಿಕೊಂಡರು. ಆಮೇಲೆ ಒಳಗೆ ಹುಳುವಿನ ಕೋಣೆಯ ಕಡೆ ತಿರುಗಿ, ತಟ್ಟೆಗಳಲ್ಲಿ ಕುಗ್ಗುತ್ತಿದ್ದ ಹಸಿರನ್ನು ನೋಡಿದರು. ಇನ್ನೊಂದು ಅಂಗೈಯನ್ನೂ ಹಲಗೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಮಾವ ಮೀಟುತ್ತಲೇ ಇದ್ದರು, ಒಂದೇ ತಂತಿ, ಒಂದೇ ಸಮ. ಅವರಿಗೆ ಬರುತ್ತಿದ್ದುದೇ ಅಷ್ಟು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ನನಗೆ ಅಳು ಬಂತು, ತಡೆಯಲಿಲ್ಲ.

ಬೆರಳು ನೊಂದಿತೋ, ಸಾಕೆನ್ನಿಸಿತೋ, ಮಾವ ಕೈ ತೆಗೆದರು. ಅತ್ತೆ ಕಣ್ಣು ತೆರೆಯಲಿಲ್ಲ. ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ನಮ್ಮ ಅತ್ತೆ, ಅಂದು ಪಕ್ಕದಲ್ಲಿದ್ದ ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ನಿಲ್ಲುಸ್ಬ್ಯಾಡಿ. ಇನ್ನೊಸಿ ತಿನ್ಲಿ."