ನಲವತ್ತಮೂರು ಮೇಕೆಗಳ ಯಜಮಾನ

ಎಲ್ಲಾ ಶುರುವಾದದ್ದು ಮೂರು ಮೇಕೆಗಳು ನಡುಮನೆಯಲ್ಲಿ ಮಲಗುತ್ತಿದ್ದುದರಿಂದ. ಕೈಗಡಿಯಾರ ರಿಪೇರಿಗೆ ಜನ ಬರುವುದು ನಿಂತ ಮೇಲೆ ಗಡಿಯಾರದವನು ಅಂಗಡಿ ಮುಚ್ಚಿ ಮೇಕೆ ಸಾಕತೊಡಗಿದ್ದ. ಶೆಡ್ ಇರಲಿಲ್ಲ. ಹೊಸದಾಗಿ ಸಾಕಣೆಗೆ ಇಳಿದವರಿಗಾಗಿ ಸರ್ಕಾರದ ಯೋಜನೆಯೊಂದಿತ್ತು: ಶೆಡ್ ಇಲ್ಲದವರಿಗೆ ಶೆಡ್, ಮೇಕೆ ಇಲ್ಲದವರಿಗೆ ಮೇಕೆ. ಮೂರು ಕಚೇರಿ ಅಲೆದು ಅವನ ಚಪ್ಪಲಿ ಸವೆದ ಮೇಲೆ, ಆ ಮೂರೂ ಕಚೇರಿಗಳ ಕೆಲಸ ಹೊಂದಿಸಲೆಂದೇ ನೇಮಕವಾದ ಮೇಡಂ ಇವತ್ತು ಹನ್ನೊಂದಕ್ಕೆ ನೋಡಲು ಬರುವವರಿದ್ದರು.

“ಇವತ್ತು ಶೆಡ್ ಮಂಜೂರಾಗದಿದ್ರೆ ಮೇಕೆಗಳೇ ಒಳಗಿರಲಿ, ನಾನು ಜಗಲೀಲಿ ಮಲಗ್ತೀನಿ,” ಎಂದಿದ್ದಳು ಹೆಂಡತಿ. ಅವಳು ಹೇಳಿದ್ದನ್ನು ಮಾಡುವ ಹೆಂಗಸು.

ಎದುರುಮನೆಯ ಸಲಹೆ ಮಾವ ಮೂವತ್ತು ವರ್ಷದಿಂದ ಮೇಕೆ ಸಾಕುತ್ತಿದ್ದವರು. ಕೇಳದೆ ಸಲಹೆ ಕೊಡುವುದು ಅದಕ್ಕೂ ಹಳೆಯ ಕಸುಬು.

“ಮೂರು ಮೇಕೆ ನೋಡಿ ಯಾರು ಶೆಡ್ ಕಟ್ಟಿಸ್ತಾರಪ್ಪಾ? ನನ್ನ ನಲವತ್ತೂ ಹೊಡ್ಕೊಂಡು ಹೋಗು. ಆಮೇಲೆ ವಾಪಸ್ ತಂದುಬಿಡು.”

“ಸುಳ್ಳು ಹೇಳಿದಂಗಾಗಲ್ವಾ ಮಾವ?”

“ನೀನು ಬಾಯಿ ಮುಚ್ಕೊಂಡು ನಿಂತ್ಕೊ. ಮೇಕೆಗಳೇ ಮಾತಾಡ್ತಾವೆ.”

ಹಿತ್ತಲು ತುಂಬಿತು. ಹೂಕುಂಡಗಳು ಬೋಳಾದವು. ಒಣಗಲು ಹಾಕಿದ್ದ ಹೊದಿಕೆಯ ಅಂಚು ಮಾಯವಾಯಿತು. ಮಾವನ ದೊಡ್ಡ ಹೋತ ಅರ್ಜಿಯ ನಕಲನ್ನು ಬಾಯಿಗೆ ಹಾಕಿಕೊಂಡಿತು. ಗಡಿಯಾರದವನು ತನ್ನ ಹಳೇ ಚಿಮಟದಿಂದ ರುಜುವಿನ ಭಾಗವನ್ನಾದರೂ ಎಳೆದುಕೊಳ್ಳುವಷ್ಟರಲ್ಲಿ ಮೇಡಂ ಜೀಪು ಬಂದೇಬಿಟ್ಟಿತು.

“ಎಷ್ಟು ದಿನದಿಂದ ಸಾಕ್ತಿದೀರಿ?”

“ಆರು ತಿಂಗಳು, ಮೇಡಂ.”

“ಆರೇ ತಿಂಗಳಲ್ಲಿ ಇಷ್ಟಾ?” ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಶೆಡ್ ಇಲ್ಲದೇನೇ ಇಷ್ಟು ಬೆಳೆದೋರಿಗೆ ನಮ್ಮ ಸಹಾಯ ಯಾಕೆ?”

“ಇವು ನನ್ನವಲ್ಲ ಮೇಡಂ.”

“ಎಲ್ಲಾ ದೇವರದು ಅಂತೀರಿ. ಇಂಥ ವಿನಯ ಈಗ ಅಪರೂಪ.”

ಉಪಕಾರ ಮಾಡಿದ ಮಾವನ ಹೆಸರು ಹೇಳಿ ಸಿಕ್ಕಿಹಾಕಿಸಲು ಅವನಿಗೆ ಮನಸ್ಸು ಬರಲಿಲ್ಲ. “ಎದುರುಮನೆ ಶೆಡ್ ಒಂದ್ಸಲ ನೋಡಿ, ನಿಮಗೇ ಗೊತ್ತಾಗುತ್ತೆ,” ಎಂದು ಕರೆದೊಯ್ದ. ಖಾಲಿ ಶೆಡ್ಡಿನಲ್ಲಿ ಮಾವ ಒಬ್ಬರೇ ಪೊರಕೆ ಹಿಡಿದು ನಿಂತಿದ್ದರು.

“ಪಾಪ, ಇಷ್ಟು ದೊಡ್ಡ ಶೆಡ್, ಒಂದು ಮೇಕೇನೂ ಇಲ್ಲ,” ಎಂದರು ಮೇಡಂ. “ಹೊಸಬರಾ?”

ಜನ್ಮದಲ್ಲಿ ಮೊದಲ ಸಲ ಮಾವನಿಗೆ ಮಾತು ಹೊರಡಲಿಲ್ಲ. ಮೇಡಂ ಅದನ್ನು ಸಂಕೋಚವೆಂದು ತಿಳಿದು ಬರೆದುಕೊಂಡರು. “ಹತ್ತು ಮೇಕೆ. ಈಗ ಎಲ್ಲಾ ಕಚೇರಿ ಒಂದಾಗಿವೆ, ಸಂಜೆಯೊಳಗೆ ಬರ್ತಾವೆ.” ಆಮೇಲೆ ಗಡಿಯಾರದವನತ್ತ ತಿರುಗಿದರು. “ಇಂಥವರನ್ನ ತೋರಿಸಿಕೊಟ್ರಲ್ಲ, ದೊಡ್ಡ ಮನಸ್ಸು ನಿಮ್ಮದು. ಪ್ರತಿ ಸೋಮವಾರ ಇವರಿಗೆ ಮೇಕೆ ಸಾಕೋದು ನೀವೇ ಕಲಿಸ್ಬೇಕು.”

ಸಂಜೆ ನಿಜಕ್ಕೂ ಲಾರಿ ಬಂತು. ಅಷ್ಟರಲ್ಲಿ ನಲವತ್ತೂ ಮೇಕೆಗಳು ಮಾವನ ಶೆಡ್ ಸೇರಿದ್ದವು. ಮಾವನಿಗೆ ಮಾತೂ ಮರಳಿತ್ತು.

“ನನ್ನ ಶೆಡ್ಡಲ್ಲಿ ನಲವತ್ತಕ್ಕೇ ಜಾಗ ಕಣಪ್ಪಾ ಗುರುವೇ. ಈ ಹತ್ತೂ ಒಂದು ತಿಂಗಳು ನಿಮ್ಮ ನಡುಮನೇಲಿರಲಿ. ಶಿಷ್ಯನ ಮಾತು ತೆಗೆದುಹಾಕಬೇಡ.”

ಹೆಂಡತಿ ಚಾಪೆ ಸುತ್ತಿಕೊಂಡು ಜಗಲಿಗೆ ನಡೆದಳು. ನಡುಮನೆಯಲ್ಲಿ ಹದಿಮೂರು ಮೇಕೆಗಳ ನಡುವೆ ಕಾಲಿಡಲು ಜಾಗ ಹುಡುಕಿ ಸೋತ ಗಡಿಯಾರದವನೂ ದಿಂಬು ತಂದ.

“ಸ್ವಲ್ಪ ಆ ಕಡೆ ಸರಿ.”

ಅವಳು ಸರಿದಳು. “ಹೊದಿಕೆ ಎಲ್ಲಿ?”

“ಉಳಿದದ್ದನ್ನೂ ತಿಂದ್ಬಿಟ್ವು,” ಎಂದ ಗುರು.