ಒರೆಗೆ ಹೋಗದ ಖುಕ್ರಿ

ಹೆಂಡತಿಗೆ ತೋರಿಸೋಣವೆಂದು ಸೇಸಪ್ಪ ಖುಕ್ರಿಯನ್ನು ಒರೆಯಿಂದ ಹೊರಗೆಳೆದ. ಆ ಶುಕ್ರವಾರ ಅವನಾಗಿ ಮಾಡಿದ ತಪ್ಪು ಅದೊಂದೇ. ಉಳಿದದ್ದಕ್ಕೆಲ್ಲ ನೆರೆಹೊರೆಯವರು ಕೈಜೋಡಿಸಿದರು.

ಕುವೈತಿನ ಸಲ್ವಾದಲ್ಲಿದ್ದ ಅವರ ಬಿಲ್ಡಿಂಗಿನ ಕಾವಲುಗಾರ ಹರ್ಕ ಬಹಾದ್ದೂರ್ ಹಿಂದೆ ಗೂರ್ಖಾ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದವನು. ಕೆಲಸ ಬಿಟ್ಟು ಅಂದು ಬೆಳಿಗ್ಗೆ ನೇಪಾಳಕ್ಕೆ ಹೊರಟವನು, ದಿನಾ ಸಂಜೆ ಜೊತೆಗೆ ಚಹಾ ಕುಡಿಯುತ್ತಿದ್ದ ಸೇಸಪ್ಪನ ಕೈಗೆ ತನ್ನ ಖುಕ್ರಿ ಇಟ್ಟು, ಒಂದು ಸೆಲ್ಯೂಟ್ ಹೊಡೆದು ಟ್ಯಾಕ್ಸಿ ಹತ್ತಿದ್ದ. ಶುವೈಖಿನ ಗೋದಾಮಿನಲ್ಲಿ ಕಾರಿನ ಬಿಡಿಭಾಗ ಎಣಿಸುವ ಸೇಸಪ್ಪನಿಗೆ ಜನ್ಮದಲ್ಲಿ ಯಾರೂ ಸೆಲ್ಯೂಟ್ ಹೊಡೆದಿರಲಿಲ್ಲ. ಲಿಫ್ಟಿನಲ್ಲೂ ಎದೆಯುಬ್ಬಿಸಿಕೊಂಡೇ ಮೇಲೆ ಬಂದ.

"ಎಂತ ಇದು, ನೇಂದ್ರ ಬಾಳೆಯ ಹಾಗೆ ಬಗ್ಗಿದೆಯಲ್ಲ? ಇದರಲ್ಲಿ ತೆಂಗಿನಕಾಯಿ ಒಡೀಲಿಕ್ಕಾಗ್ತದಾ?" ಎಂದು ರತ್ನಾವತಿ ಕೇಳಿದಳು.

"ತೆಂಗಿನಕಾಯಿ ಅಂತೆ. ಹರ್ಕನ ಅಜ್ಜ ಬರ್ಮಾ ಯುದ್ಧಕ್ಕೆ ಹಿಡ್ಕೊಂಡು ಹೋದದ್ದು, ಗೊತ್ತುಂಟಾ?"

ಅಷ್ಟರಲ್ಲಿ ಸಕ್ಕರೆ ಕೇಳಲು ಬಂದ ಎದುರು ಮನೆಯ ಎಂಜಿನಿಯರ್ ಬಸಲಿಂಗಯ್ಯ, ಹೊಸ್ತಿಲಲ್ಲೇ ಹಾವು ಕಂಡವನಂತೆ ನಿಂತ.

"ಹೊರಗ ಯಾಕ ತಗದ್ರಿ? ಖುಕ್ರಿ ಒಮ್ಮೆ ಹೊರಗ ಬಂತಂದ್ರ ರಕ್ತ ಕುಡೀದ ಒಳಗ ಹೋಗೂದಿಲ್ರಿ. ಹಂಗ ಇಟ್ಟವರ ಮನಿ ಉದ್ಧಾರ ಆಗಿದ್ದು ನಾ ನೋಡಿಲ್ಲ."

ಸೇಸಪ್ಪನ ಎದೆ ಇಳಿಯಿತು. ಇಕಾಮಾ ಎಂಬ ವಾಸದ ಪರವಾನಗಿಯ ಮೆಡಿಕಲ್ಲಿಗೆ ಸೂಜಿ ಚುಚ್ಚುವ ಮೊದಲೇ ಮೂರ್ಛೆ ಹೋಗಿದ್ದ ಮನುಷ್ಯ ಅವನು. ಹರ್ಕನನ್ನೇ ಕೇಳೋಣವೆಂದರೆ ಅವನ ಫೋನು ವಿಮಾನದಲ್ಲಿ ಬಾಯಿ ಮುಚ್ಚಿಕೊಂಡಿತ್ತು.

ಖುಕ್ರಿಯನ್ನು ಊಟದ ಮೇಜಿನ ಮೇಲೆ ಮಲಗಿಸಿದರು. ಸಿಟ್ಟುಮಾಡಿಕೊಂಡ ಬೀಗರಂತೆ ಅದು ಅಲ್ಲೇ ಹೊಳೆಯುತ್ತ ಬಿದ್ದಿತ್ತು. ಅದರೆದುರು ಕೂತು ಊಟ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಸುದ್ದಿ ಕೇಳಿ ಮೇಲಿನ ಮನೆಯ ಮೋರಿಸ್ ಒಂದು ಬಂಗುಡೆ ಮೀನು ತಂದ.

"ಇದಕ್ಕೆ ಒಂದು ಗೀರು ಹಾಕಿ, ಖಲಾಸ್ ಮಾಡುವ."

ಹುಟ್ಟಿದಾರಭ್ಯ ಮೀನು ಮುಟ್ಟದ ಬಸಲಿಂಗಯ್ಯ ತೀರ್ಪು ಕೊಟ್ಟ: "ಮೀನಿಂದು ತಣ್ಣನ ರಕ್ತ. ಇದಕ್ಕ ಬಿಸೀದು ಬೇಕು. ಮನಷ್ಯಾಂದು."

ಮೋರಿಸ್ ಸೋಲುವವನಲ್ಲ. ಬಚ್ಚಲಿನ ಕಡೆಯಿಂದ ಬಂದ ಒಂದು ಸೊಳ್ಳೆ ಅವನ ಕಣ್ಣಿಗೆ ಬಿತ್ತು. "ಅದರ ಹೊಟ್ಟೆಯಲ್ಲಿರುವುದು ಮನುಷ್ಯರ ರಕ್ತವೇ ಅಲ್ವಾ?" ಈ ತರ್ಕಕ್ಕೆ ಬಸಲಿಂಗಯ್ಯನೂ ತಲೆಯಾಡಿಸಿದ. ಮೋರಿಸ್ ಖುಕ್ರಿ ಎತ್ತಿ ಬೀಸಿದ. ಸೊಳ್ಳೆ ಆರಾಮವಾಗಿ ಸೀಲಿಂಗಿಗೆ ಹೋಯಿತು. ಹೊಸ ಸೋಫಾ ಉದ್ದಕ್ಕೆ ಹರಿದು ಸ್ಪಂಜು ಹೊರಬಂತು.

ರತ್ನಾವತಿ ಸೋಫಾವನ್ನು ನೋಡಿದಳು, ಆಮೇಲೆ ಗಂಡನನ್ನು. "ಒಂದೋ ಅದು ಒಳಗೆ ಹೋಗ್ಬೇಕು, ಇಲ್ಲದಿದ್ರೆ ಅದನ್ನು ಹಿಡ್ಕೊಂಡು ನೀವು ಹೊರಗೆ ಹೋಗ್ಬೇಕು."

ಅಂಥದ್ದನ್ನು ಹಿಡಿದು ಕುವೈತಿನ ಬೀದಿಗಿಳಿದರೆ ಪೊಲೀಸರ ಜೀಪೇ ಗತಿ. ಸೇಸಪ್ಪ ಕಣ್ಣು ಮುಚ್ಚಿ, ಕುಲದೈವಗಳನ್ನೆಲ್ಲ ನೆನೆದು, ಬಲಗೈಯ ಹೆಬ್ಬೆರಳನ್ನು ಅಲಗಿಗೆ ಸೋಕಿಸಿದ. ಒಂದು ಹನಿ ಸಾಕಿತ್ತು. ಮುಚ್ಚಿದ ಕಣ್ಣಿಗೆ ಅದು ಗೊತ್ತಾಗಬೇಕಲ್ಲ! ಎಚ್ಚರವಾದಾಗ ಅವನು ಹರಿದ ಸೋಫಾದ ಮೇಲಿದ್ದ. ಹೆಬ್ಬೆರಳು ಬ್ಯಾಂಡೇಜಿನಲ್ಲಿ ಬದನೆಕಾಯಿಯಷ್ಟು ದಪ್ಪವಾಗಿತ್ತು. ಖುಕ್ರಿ ಒರೆಯೊಳಗಿತ್ತು.

"ಗಂಡಸಂದ್ರ ನೀವರಿ," ಎಂದ ಬಸಲಿಂಗಯ್ಯ, ಕಣ್ಣೊರೆಸಿಕೊಳ್ಳುತ್ತ.

ಸಂಜೆಯೊಳಗೆ ಬಿಲ್ಡಿಂಗಿಗೆ ಬಿಲ್ಡಿಂಗೇ ಬಂದು ಹೆಬ್ಬೆರಳನ್ನು ನೋಡಿಹೋಯಿತು. ಒಬ್ಬರು ಹಲ್ವಾ ತಂದರು, ಇನ್ನೊಬ್ಬರು ಫೋಟೋ ತೆಗೆಸಿಕೊಂಡರು. ರತ್ನಾವತಿ ಕೂಡ ಸೋಫಾ ಮರೆತು, "ನಮ್ಮವರಿಗೆ ಮೊದಲಿಂದಲೂ ಧೈರ್ಯ ಜಾಸ್ತಿ," ಎನ್ನತೊಡಗಿದಳು.

ಆಗ ಕಾಠ್ಮಂಡುವಿನಿಂದ ಹರ್ಕನ ಫೋನು ಬಂತು. ಸೇಸಪ್ಪ ಬಾಲ್ಕನಿಗೆ ಹೋಗಿ ಪಿಸುದನಿಯಲ್ಲಿ ಎಲ್ಲ ಹೇಳಿದ. ಅತ್ತ ಕಡೆ ನಗು ನಿಲ್ಲಲೇ ಇಲ್ಲ.

"ಪ್ರತಿಸಲ ರಕ್ತ ಕುಡಿಸ್ತಾ ಕೂತರೆ ನಮ್ಮೂರಲ್ಲಿ ಹುಲ್ಲು ಕೊಯ್ಯೋದು ಹೇಗೆ ಸಾಬ್? ಅದೆಲ್ಲ ಕಟ್ಟುಕತೆ. ಪಲ್ಟನ್ನಿನಲ್ಲಿ ನಾನು ಅದರಲ್ಲೇ ಆಲೂಗಡ್ಡೆ ಹೆಚ್ಚಿದ್ದು. ಬರ್ಮಾದಲ್ಲಿ ನಮ್ಮಜ್ಜ ಅದರಿಂದ ಜಾಸ್ತಿ ಕಡಿದದ್ದು ಬಿದಿರನ್ನ," ಎಂದು ಹರ್ಕ ತನ್ನ ಹಿಂದಿಯಲ್ಲಿ ಹೇಳಿದ.

ಸೇಸಪ್ಪ ಫೋನಿಟ್ಟು ಒಳಗೆ ಬಂದ. ಹಲ್ವಾ, ಹೊಗಳಿಕೆ, ಹೆಂಡತಿಯ ಹೊಳೆಯುವ ಕಣ್ಣು, ಎಲ್ಲವನ್ನೂ ನೋಡಿ, "ಹರ್ಕ ಎಂತ ಹೇಳಿದ?" ಎಂಬ ಪ್ರಶ್ನೆಗೆ, "ಸರಿಯಾಗಿ ಮಾಡಿದಿರಿ ಅಂದ," ಎಂದುಬಿಟ್ಟ.

ಆ ಮಾತು ಬಾಯಿಂದ ಬಿದ್ದದ್ದೇ ತಡ, ಬಿಲ್ಡಿಂಗಿನ ಮಾಲೀಕ ಅಬು ಫಹಾದ್ ಒಳಗೆ ಬಂದ. ವೀರನೊಬ್ಬ ತನ್ನ ಬಿಲ್ಡಿಂಗಿನಲ್ಲೇ ಇದ್ದಾನೆಂದು ಕೇಳಿ ಮುದುಕನಿಗೆ ಹಿಗ್ಗೋ ಹಿಗ್ಗು. ಸೇಸಪ್ಪನ ಹಣೆಗೆ ಮುತ್ತಿಟ್ಟ. ಗೋಡೆಯ ಮೊಳೆಗೆ ತೂಗುತ್ತಿದ್ದ ಖುಕ್ರಿ ಕಂಡು, "ಮಾಶಾ ಅಲ್ಲಾಹ್," ಎನ್ನುತ್ತ ಕೈಗೆತ್ತಿಕೊಂಡು, ಯಾರೂ ಬಾಯಿ ತೆರೆಯುವ ಮೊದಲೇ ಸರ್ರನೆ ಹೊರಗೆಳೆದ.

ಬಸಲಿಂಗಯ್ಯ ಮುಂದೆ ಬಂದು, ಗೊತ್ತಿದ್ದ ಅರಬ್ಬಿಯಲ್ಲಿ ನಿಯಮವನ್ನು ವಿವರಿಸಿದ. ಮಾಲೀಕ ಗಂಭೀರವಾಗಿ ಕೇಳಿಸಿಕೊಂಡ. ಸಂಪ್ರದಾಯಕ್ಕೆ ಬೆಲೆ ಕೊಡುವ ಮನುಷ್ಯ. ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡ. ಆಮೇಲೆ ಖುಕ್ರಿಯನ್ನು ಎರಡೂ ಕೈಗಳಿಂದ, ಬಹಳ ಗೌರವದಿಂದ, ವೀರನ ಕಡೆಗೆ ಚಾಚಿದ.

ಎಲ್ಲರೂ ಸೇಸಪ್ಪನನ್ನು ನೋಡಿದರು. ರತ್ನಾವತಿ ಹೆಮ್ಮೆಯಿಂದ ಹತ್ತಿಯ ಡಬ್ಬಿ ತಂದಿಟ್ಟಳು.

ನಿಜ ಹೇಳಿಬಿಡೋಣವೆಂದು ಸೇಸಪ್ಪ ಒಮ್ಮೆ ಹೆಂಡತಿಯ ಕಡೆ ನೋಡಿದ. ಆಮೇಲೆ ನಿಧಾನವಾಗಿ ಎಡಗೈ ಮುಂದೆ ಮಾಡಿದ.