ಮಲ್ಲಾಜಮ್ಮನ ಕಾಲಿನ ಅಚ್ಚು

"ಮಂಡಿ ಓಗ್ಬುಟ್ಟದೆ ಕಣಪ್ಪ, ಇನ್ನು ಕೂಸುಗಳ್ಗೆ ನೀರುಯ್ಯಕ್ಕೆ ಆಗಕಿಲ್ಲ" ಎಂದು ಹರವೆಯ ಮಲ್ಲಾಜಮ್ಮ ಗೊಣಗಿದ್ದೇ ಎಲ್ಲಕ್ಕೂ ಮೂಲ. ಐವತ್ತು ವರ್ಷದಿಂದ ಬೀದಿಯ ಕೂಸುಗಳನ್ನೆಲ್ಲ ಉದ್ದಕ್ಕೆ ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ಮೀಸಿದ ಮುದುಕಿ ಅವಳು. ಪಕ್ಕದ ಮನೆಯ ಮಾದೇಶ ಬದನಗುಪ್ಪೆಯ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸದವನು. ಆ ಮಾತು ಅವನ ತಲೆಯಲ್ಲಿ ಹುಳ ಬಿಟ್ಟಿತು. ನೀಡಿದ ಕಾಲುಗಳ ಆಕಾರದಲ್ಲೇ ಒಂದು ಪ್ಲಾಸ್ಟಿಕ್ ಮಣೆ ಮಾಡಿದರೆ ಯಾರು ಬೇಕಾದರೂ ಕೂಸಿಗೆ ನೀರು ಹಾಕಬಹುದಲ್ಲ!

ಮೈಸೂರಿನ ಪೇಟೆಂಟ್ ವಕೀಲರಿಗೆ ಫೋನ್ ಮಾಡಿದ. "ಇವತ್ತು ಸಾಯಂಕಾಲ ಐದರೊಳಗೆ ಅಳತೆ, ಫೋಟೊ ಕಳಿಸಿ, ಅರ್ಜಿ ಹಾಕ್ತೀನಿ. ಅಲ್ಲಿವರೆಗೆ ಊರಲ್ಲಿ ಸುದ್ದಿಯಾಯ್ತೋ, ಪೇಟೆಂಟ್ ಆಸೆ ಬಿಟ್ಟುಬಿಡಿ" ಎಂದರು ಅವರು.

ಮಾದೇಶ ರಜೆ ಹಾಕಿದ. ಔಷಧಿ ಅಂಗಡಿಯಿಂದ ಪ್ಲಾಸ್ಟರ್ ಪಟ್ಟಿ ತಂದು, ಯಾರಿಗೂ ಹೇಳುವುದಿಲ್ಲವೆಂದು ಮಲ್ಲಾಜಮ್ಮನಿಂದ ಆಣೆ ಹಾಕಿಸಿಕೊಂಡು, ಅವಳ ಎರಡೂ ಕಾಲು ಜೋಡಿಸಿ ಸುತ್ತಿದ. ಸುತ್ತುವ ಭರದಲ್ಲಿ, ಅಚ್ಚು ಸಲೀಸಾಗಿ ಕಳಚಲೆಂದು ಮೊದಲು ಕಾಲಿಗೆ ಎಣ್ಣೆ ಸವರಬೇಕಿದ್ದುದನ್ನು ಮರೆತ. ಅರ್ಧ ಗಂಟೆಯಲ್ಲಿ ಪ್ಲಾಸ್ಟರ್ ಕಲ್ಲಾಯಿತು. ಅಲ್ಲಾಡಿಸಿದ, ಎಳೆದ.

"ಅಯ್ಯಯ್ಯೋ, ಕಾಲೇ ಕಿತ್ಕಂಡ್ ಬತ್ತದೆ, ಬುಡ್ಲಾ!" ಎಂದಳು ಮುದುಕಿ.

ಆ ಹೊತ್ತಿಗೇ ಎದುರುಮನೆಯ ಸುಧಾಮಣಿ ಕೂಸನ್ನೆತ್ತಿಕೊಂಡು ಒಳಗೆ ಬಂದಳು. "ಅಯ್ಯೋ ಸಿವ್ನೆ! ಅವ್ವನ್ ಕಾಲ್ಗೆ ಏನಾಯ್ತು?"

ನಿಜ ಹೇಳಿದರೆ ಪೇಟೆಂಟ್ ಹೋದಂತೆಯೇ ಎಂದುಕೊಂಡ ಮಾದೇಶ. "ಮುರ್ದೋಯ್ತು ಕಣಕ್ಕ."

"ಎಲ್ಡೂವಾ? ಎಂಗೆ?"

"ನನ್ ಬೈಕು... ತಾಗ್ಬುಡ್ತು."

ಬೇರೆ ನೂರು ಸುಳ್ಳಿರುವಾಗ ಇದೇ ಯಾಕೆ ಬಾಯಿಗೆ ಬಂತೋ ಅವನಿಗೇ ತಿಳಿಯದು.

ಹತ್ತು ನಿಮಿಷದಲ್ಲಿ ಬೀದಿಗೆ ಬೀದಿಯೇ ಒಳಗಿತ್ತು. ಒಬ್ಬರು ಬ್ರೆಡ್ಡು ತಂದರು, ಒಬ್ಬರು ಎಳನೀರು. ಮಧ್ಯಾಹ್ನದ ಬಸ್ಸಿಗೆ ಬೇಗೂರಿನಿಂದ ಬಂದ ಮುದುಕಿಯ ತಂಗಿ ಬಾಗಿಲಲ್ಲೇ ಎದೆ ಬಡಿದುಕೊಂಡಳು. ರಿಟೈರ್ಡ್ ಮೇಷ್ಟ್ರು ಲಿಂಗಯ್ಯ, "ಇದು ಪೊಲೀಸ್ ಕೇಸು ಕಣ್ಲಾ" ಎನ್ನುತ್ತ ಊರುಗೋಲಿನಿಂದ ಪ್ಲಾಸ್ಟರನ್ನು ಟಕಟಕ ಬಡಿದರು. "ಇಲ್ಲಿ ನೋವಾಯ್ತದ?"

ಮಲ್ಲಾಜಮ್ಮ ಮಾದೇಶನ ಮುಖ ನೋಡಿದಳು. ಮಾದೇಶ ಜನರ ಹಿಂದಿನಿಂದ ಕೈಮುಗಿದ.

"ಸತ್ತೆ ಕಣಪ್ಪೋ!" ಎಂದು ಅವಳು ಕೂಗಿದ ಕೂಗಿಗೆ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಹಾರಿದರು.

ಮೂರಾಯಿತು, ಮೂರೂವರೆಯಾಯಿತು. ಜನ ಕದಲಲಿಲ್ಲ. ನಾಲ್ಕಕ್ಕೆ ಮಾದೇಶ, "ಅವ್ವ ಒಬ್ರೇ ಮಲಗ್ಬೇಕು ಅಂತ ಡಾಕ್ಟ್ರು ಅಂದವ್ರೆ" ಎಂದು, ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡು, ಎಲ್ಲರನ್ನೂ ಹೊರಗೆ ಕಳಿಸಿ ಚಿಲಕ ಹಾಕಿದ. ತಗಡು ಕತ್ತರಿ ಹಿಡಿದು ಪ್ಲಾಸ್ಟರನ್ನು ಎರಡೂ ಬದಿ ಕತ್ತರಿಸಿದ. ಅಚ್ಚು ಕಳಚಿತು. ಅಳೆದ, ಫೋಟೊ ತೆಗೆದ, ಕಳಿಸಿದ. ಐದಕ್ಕೆ ಎರಡು ನಿಮಿಷವಿರುವಾಗ 'ಅರ್ಜಿ ಹಾಕಾಯ್ತು' ಎಂದು ಮೆಸೇಜು ಬಂತು. ಮಾದೇಶನಿಗೆ ಅಳುವೇ ಬಂದುಬಿಟ್ಟಿತು.

"ಏಳವ್ವ, ಓಡಾಡಿ ತೋರ್ಸು. ಈಗ ಎಲ್ರುಗೂ ನಿಜ ಯೋಳ್ಬುಡನ."

ಮಲ್ಲಾಜಮ್ಮ ಬ್ರೆಡ್ಡನ್ನು ಕಾಫಿಗೆ ಅದ್ದಿದಳು. "ಏನ್ಲಾ ನಿಜ? ಐವತ್ ವರ್ಸ ಊರ್ ಕೂಸ್ಗಳ್ಗೆಲ್ಲ ನೀರುಯ್ದೆ. ಒಂದಿನ ಯಾರಾದ್ರು ನನ್ ಕಾಲ್ ಒತ್ತಿದ್ರಾ? ಇವತ್ತು ಸರದಿ ಮ್ಯಾಲೆ ನಿಂತವ್ರೆ. ಮೂರ್ ತಿಂಗ್ಳು ನಾನು ಏಳಕಿಲ್ಲ."

"ನಾನೇ ಯೋಳ್ತಿನಿ!"

"ಯೋಳು. ನಾನು ಸತ್ತೆ ಅಂತ ಕೂಗ್ತಿನಿ. ಯಾರ್ ಮಾತ್ ನಂಬ್ತರೆ ನೋಡನ." ಕಂಬಳಿಯನ್ನು ಸೊಂಟದವರೆಗೆ ಎಳೆದುಕೊಂಡಳು.

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸುಧಾಮಣಿ. ಅವಳ ಹಿಂದೆ ಕೂಸು, ಎಣ್ಣೆ ಬಟ್ಟಲು, ಟವೆಲು ಹಿಡಿದ ಇನ್ನೂ ನಾಲ್ವರು ತಾಯಂದಿರು.

"ಪೊಲೀಸ್ ಬ್ಯಾಡ ಅಂತ ಎಲ್ರೂ ಸೇರಿ ತೀರ್ಮಾನ ಮಾಡಿವಿ ಮಾದೇಸ. ಕಾಲ್ ಮುರ್ದೋನು ನೀನು. ಅವ್ವ ಏಳೋಗಂಟ ನಮ್ ಕೂಸ್ಗಳ್ಗೆ ನೀನೇ ನೀರುಯ್ಬೇಕು. ಪಂಚೆ ಎತ್ಕಟ್ಟು, ನಡಿ."

ಬಚ್ಚಲಿನ ತಣ್ಣನೆಯ ಕಲ್ಲಿನ ಮೇಲೆ ಕೂತು ಮಾದೇಶ ಕಾಲು ನೀಡಿದ. ಮೊದಲನೆಯ ಕೂಸು ಅವನ ಮೊಣಕಾಲ ಮೇಲೆ ಬಿದ್ದ ತಕ್ಷಣ ಕಿಟಾರನೆ ಕಿರುಚಿತು.

ಒಳಗಿನಿಂದ ಮಲ್ಲಾಜಮ್ಮನ ದನಿ ಬಂತು: "ಮಂಡಿ ಜೋಡಿಸ್ಕಳ್ಲಾ, ಕೂಸು ಜಾರ್ತದೆ!"